ವರದೆಯ ಮರಳಿಗೆ ನಿಮ್ಮ ಹೆಸರು ಬೇಡ, ಚಾಚಾ

ಚಾಚಾ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನೀವಿದ್ದಿದ್ದರೆ “ಮೊದಲು ನೀರು ಕುಡಿ ಬೇಟಿ, ಆಮೇಲೆ ಬೈ” ಎನ್ನುತ್ತಿದ್ದಿರಿ. ಕುಡಿದೆ. ಸಿಟ್ಟು ಇಳಿಯಲಿಲ್ಲ. ನಿಮ್ಮ ಹೆಸರನ್ನು ತಗಡಿನ ಮೇಲೆ ಬರೆಸಿ ನಮ್ಮ ವರದಾ ಹೊಳೆಯ ಮರಳಿನಲ್ಲಿ ನೆಟ್ಟಿದ್ದರು: ‘ದಸ್ತಗೀರ್ ಬೀಚ್’. ಸೊರಬ ತಾಲ್ಲೂಕಿನಲ್ಲಿ ಬೀಚ್! ನೀವು ಹೋಗಿ ವರ್ಷ ತುಂಬಿಲ್ಲ. ನಿಮ್ಮನ್ನು ಮರೆತಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನೆನಪಿಟ್ಟುಕೊಂಡ ರೀತಿ ಇದೆಯಲ್ಲ, ಅದು...

ಶಿಕಾರಿಪುರದ ನಿಮ್ಮ ಸ್ಟುಡಿಯೋಗೆ ನಾನು ಮೊದಲು ಬಂದದ್ದು ಪರೀಕ್ಷೆಯ ಅರ್ಜಿಗೆ ಫೋಟೋ ತೆಗೆಸಲು. ಸೊರಬದ ಬಸ್ಸಿನಿಂದ ಇಳಿದು ಕಾಲೇಜಿಗೆ ಹೋಗುವ ದಾರಿ. ಕಂಕುಳಲ್ಲಿ ಹೊಳೆ ಉಳಿಸಿ ಎಂಬ ಕರಪತ್ರಗಳ ಕಟ್ಟು. ಒಳಗೆ ನೋಡಿದರೆ ಗೋಡೆಯ ತುಂಬ ನೀವೇ ಬಣ್ಣ ಬಳಿದ ಸಮುದ್ರದ ಪರದೆ, ಮುಳುಗುವ ಸೂರ್ಯ, ಒಂದು ದೋಣಿ. ಪರದೆಯ ಬುಡದಲ್ಲಿ ನೆಲದ ಮೇಲೆ ನಿಜವಾದ ಮರಳು. “ಹೊಳೆ ಮರಳು ಹೊತ್ಕೊಂಡು ಬಂದು ಸುಳ್ಳು ಸಮುದ್ರ ಮಾಡಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?” ಎಂದು ಕೇಳಿದ್ದೆ. ನೀವು ಕ್ಯಾಮೆರಾದಿಂದ ಕಣ್ಣು ತೆಗೆಯದೆ, “ಆಗ್ತದೆ ಬೇಟಿ. ಗದ್ದ ಸ್ವಲ್ಪ ಕೆಳಗೆ” ಎಂದಿರಿ. ಆ ಫೋಟೋದಲ್ಲಿ ನಾನು ಜಗಳಕ್ಕೆ ಬಂದವಳ ಹಾಗೇ ಇದ್ದೇನೆ. ಅಂದಿನಿಂದ ನಿಮ್ಮ ಬಾಯಲ್ಲಿ ನನ್ನ ಹೆಸರು ವಸುಧಾ ಅಲ್ಲ, ‘ಕರಪತ್ರ’. ಬಾಗಿಲಿಗೆ ಬಂದರೆ ಸಾಕು, “ಬಂದ್ಲಪ್ಪ ಕರಪತ್ರ, ಇವತ್ತು ಯಾರ್ ಮ್ಯಾಲೆ?”

ಆ ಎರಡು ಪುಸ್ತಕ ತಂದ ದಿನ ನಿಮ್ಮ ಮುಖ ಹೇಗಿತ್ತು ಗೊತ್ತೇ? ಹೊಸ ಪರದೆ ಬರೆಯಲು ಸಮುದ್ರದ ಮಾದರಿ ಬೇಕೆಂದು ಶಿವಮೊಗ್ಗದ ಹಳೆ ಪುಸ್ತಕದ ಅಂಗಡಿಯಲ್ಲಿ ಹುಡುಕಿ, ರಕ್ಷಾಪುಟದಲ್ಲಿ ಕಡಲು ಕಂಡದ್ದಕ್ಕೆ ಎರಡನ್ನೂ ಎತ್ತಿಕೊಂಡು ಬಂದಿದ್ದಿರಿ. ಎರಡೂ ಇಂಗ್ಲಿಷ್. “ಓದಿ ಹೇಳು, ಚಹಾ ನಂದು” ಎಂದಿರಿ. ಒಂದು, ದೃಶ್ಯ ಕಟ್ಟಿ ತೆಗೆಯುವ ಫೋಟೋಗಳದ್ದು. ಯಾವುದೋ ದೇಶದ ಫೋಟೋಗ್ರಾಫರುಗಳು ಕೋಣೆಯನ್ನೇ ಕಟ್ಟಿಸಿ, ಹರಿದ ಸೋಫಾ ತಂದಿಟ್ಟು, ಅಳದ ಹೆಂಗಸನ್ನು ಅತ್ತವಳಂತೆ ಕೂರಿಸಿ, ಅದನ್ನು ಕಲೆ ಎಂದು ಗೋಡೆಗೆ ಹಾಕುತ್ತಾರೆ. ನೀವು ತೊಡೆ ತಟ್ಟಿ ನಕ್ಕಿರಿ. “ಅಲ್ಲಾ! ಇವರೂ ನಮ್ಮಂಗೆ ಪರದೆ ಕಟ್ಟೋರೇ ಅದಾರಲ್ಲ! ನಮಗೆ ಮಾತ್ರ ಯಾಕೆ ಊರೋರು ಜೋಕರ್ ಅಂತಾರೆ?” ಇನ್ನೊಂದು ಪುಸ್ತಕ ಸಮುದ್ರತೀರದ ಮರಳಿನ ಜೀವಲೋಕದ್ದು. ಅದನ್ನು ನಾನು ನಿಧಾನಕ್ಕೆ ಓದಿದೆ. ಮರಳಿನ ಕಣ ಕಣದ ನಡುವಿನ ಸಂದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಸಂಸಾರವಿದೆ. ಅಲೆ ತಂದುಹಾಕಿದ ಕೊಳೆತ ಪಾಚಿ ಕಸವಲ್ಲ, ಒಂದು ದಂಡಿಗೆ ಊಟ. ಪ್ರವಾಸಿಗರ ಕಾಲಿಗೆ ಹಿತವಾಗಲಿ ಎಂದು ಮರಳನ್ನು ಕೆರೆದು ಸಪಾಟು ಮಾಡಿದ ಕಡೆ ಆ ಬದುಕು ಸೊರಗುತ್ತದೆ. ಬರಿ ಮರಳಿನ ಮೇಲೆ, ಗೂಡೆಂಬುದೂ ಇಲ್ಲದೆ ಮೊಟ್ಟೆ ಇಡುವ ಹಕ್ಕಿಗಳಿವೆ. ಓದಿ ಮುಗಿಸಿದಾಗ ನಿಮ್ಮ ಚಹಾ ಆರಿತ್ತು. “ಇದು ಸಮುದ್ರದ ಮಾತು. ನಮ್ಮ ಹೊಳೀ ಮರಳಿಗೂ ಹಿಂಗೇ ಏನು?” ಎಂದು ಕೇಳಿದಿರಿ. ಹೋಗಿ ನೋಡೋಣ ಎಂದೆ.

ಆ ಭಾನುವಾರ ಬಸ್ಸಿನಲ್ಲಿ ಬಂದಿರಿ. ವರದೆ ಬೇಸಿಗೆಯಲ್ಲಿ ಬಡವಾಗಿ ಒಂದು ಬದಿ ಮರಳು ಬಿಟ್ಟು ಹರಿಯುವ ನಮ್ಮೂರ ತಿರುವಿಗೆ. ನೀವು ಪ್ಯಾಂಟು ಮಡಚಿ ಬರಿಗಾಲಲ್ಲಿ ಮುಂದೆ, ಪುಸ್ತಕ ಹಿಡಿದ ನಾನು ಹಿಂದೆ. ಕೊರಳಿಗೆ ಕಪ್ಪು ಪಟ್ಟಿ ಕಟ್ಟಿದಂಥ ಒಂದು ಪುಟ್ಟ ಹಕ್ಕಿ ನಮ್ಮೆದುರು ರೆಕ್ಕೆ ಮುರಿದಂತೆ ಎಳೆದುಕೊಂಡು ಓಡಿತು. ಅಯ್ಯೋ ಎಂದು ನೀವು ಅದರ ಹಿಂದೆ. ಬಹಳ ದೂರ ಕರೆದುಕೊಂಡು ಹೋಗಿ, ಹುಷಾರಾಗಿ ಹಾರಿಹೋಯಿತು. ಮೊಟ್ಟೆಯ ಹತ್ತಿರ ಬಂದವರನ್ನು ಹೀಗೆ ನಾಟಕ ಮಾಡಿ ದೂರ ಒಯ್ಯುವ ಹಕ್ಕಿಗಳ ವಿಷಯ ಪುಸ್ತಕದಲ್ಲಿತ್ತು. ಓದಿ ಹೇಳಿದಾಗ ನೀವು ಮರಳಿನ ಮೇಲೇ ಕೂತುಬಿಟ್ಟಿರಿ. “ನಲವತ್ತು ವರ್ಷ ಸೆಟ್ಟಿಂಗ್ ಹಾಕೀನಿ ಬೇಟಿ. ನನಗೇ ಸೆಟ್ಟಿಂಗ್ ಹಾಕಿತಲ್ಲ ಇದು!” ಎದ್ದಾಗ ಕಾಲಿಡುವ ಜಾಗವನ್ನು ನೋಡಿ ನೋಡಿ ಇಟ್ಟಿರಿ.

ಮರುವಾರ ಸ್ಟುಡಿಯೋದ ನೆಲದಲ್ಲಿ ಮರಳಿರಲಿಲ್ಲ. ರವೆ ಇತ್ತು! ಹುರಿದ ಗೋಧಿ ರವೆಯನ್ನು ಜಮಖಾನದ ಮೇಲೆ ಹರಡಿ, ಬೆಳಕು ಓರೆಯಾಗಿ ಬಿಟ್ಟಿದ್ದಿರಿ. ಫೋಟೋದಲ್ಲಿ ಮರಳನ್ನೂ ಮೀರಿಸಿತ್ತು. ಇರುವೆ ಬಂದವು. ಮದುಮಕ್ಕಳು ಮೂಗು ಅರಳಿಸಿ “ಏನ್ ಸಾಬ್ರೇ, ನಿಮ್ಮ ಬೀಚಲ್ಲಿ ಉಪ್ಪಿಟ್ಟಿನ ವಾಸ್ನೆ?” ಎಂದರು. “ಖರೇ ಬೀಚಲ್ಲಿ ಮೀನಿನ ವಾಸ್ನೆ ಬರ್ತದೆ, ಯಾವುದು ಬೇಕು ಹೇಳ್ರೀ” ಎಂದಿರಿ. ಅಲ್ಲಿಗೇ ನಿಲ್ಲಲಿಲ್ಲ. ಪರದೆ ಸುತ್ತುವ ಮರದ ಕೋಲು ಚಿತ್ರದ ಅಂಚಿನಲ್ಲಿ ಕಾಣುವ ಹಾಗೆ ಫೋಟೋ ತೆಗೆಯತೊಡಗಿದಿರಿ. ಗಿರಾಕಿಗಳು ಬೈದರು. ನಿಮ್ಮ ಮಗ ಇಮ್ರಾನ್ ಅಂತೂ ತಲೆ ಚಚ್ಚಿಕೊಂಡ. ನೀವು ಹೇಳಿದ್ದಿಷ್ಟೇ: “ಇದು ಸುಳ್ಳು ಅಂತ ನಾನೇ ತೋರಿಸ್ತೀನಲ್ಲ. ಮೋಸ ಎಲ್ಲೈತಿ?” ನಾನು ಓದಿದ ಯಾವ ಕರಪತ್ರದಲ್ಲೂ ಇಷ್ಟು ನೇರವಾದ ಸಾಲು ಇರಲಿಲ್ಲ.

ಇನ್ನು ನಿಮ್ಮ ಹೆಸರಲ್ಲಿ ಬಳಗ ಕಟ್ಟಿಕೊಂಡವರು ನಡೆಸಿದ ನುಡಿನಮನದ ಸಭೆ. ಶಾಮಿಯಾನದ ಶಿವಾನಂದಣ್ಣ ಮೈಕ್ ಹಿಡಿದು ಕಣ್ಣೊರೆಸಿಕೊಂಡರು. ಕಣ್ಣೀರು ನಿಜದ್ದೇ, ಅದಕ್ಕೇ ಇನ್ನೂ ಸಿಟ್ಟು. “ನಮ್ಮ ಚಾಚಾ ಜೀವಮಾನವಿಡೀ ಬಟ್ಟೆ ಮೇಲೆ ಬೀಚ್ ಬರೆದ್ರು. ಪಾಪ, ಒಂದು ಖರೇ ಬೀಚ್ ಮಾಡಕ್ಕೆ ಆಗಲಿಲ್ಲ. ಆ ಕನಸು ನಾವು ನನಸು ಮಾಡ್ತೀವಿ.” ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರ ಕನಸು? ನಿಮ್ಮನ್ನು ಒಮ್ಮೆಯಾದರೂ ಕೇಳಿದ್ದರೇ? ಹೊಳೆಯ ಮರಳು ಹೊಳೆಯಲ್ಲೇ ಇರಲಿ ಎಂದು ರವೆ ಹುರಿದ ಮನುಷ್ಯನಿಗೆ ಹೊಳೆಯನ್ನೇ ಕೆರೆದು ಸ್ಮಾರಕ ಮಾಡುವುದೆಂದರೆ...

ಈ ಬೇಸಿಗೆಯಲ್ಲಿ ಅದು ಆಗಿಯೇಹೋಯಿತು. ಮದುವೆಗೆ ಮುಂಚಿನ ಫೋಟೋ ಶೂಟಿಂಗಿಗೆಂದು ಬಳಗದವರು ಅದೇ ತಿರುವಿನ ಮರಳಿಗೆ ಟ್ರ್ಯಾಕ್ಟರ್ ಇಳಿಸಿದರು. ಕಲ್ಲು ಆರಿಸಿದರು, ಹುಲ್ಲು ಕಿತ್ತರು, ಹಲಗೆ ಎಳೆದು ಸಪಾಟು ಮಾಡಿದರು. ಪ್ಲಾಸ್ಟಿಕ್ಕಿನ ತೆಂಗಿನಮರ, ಉಯ್ಯಾಲೆ, ಹೃದಯದಾಕಾರದ ಕಮಾನು. ಕೊನೆಗೆ ನಿಮ್ಮ ಹೆಸರಿನ ಬೋರ್ಡು. ನೀವು ಕಾಲು ನೋಡಿ ನೋಡಿ ಇಟ್ಟ ಜಾಗದಲ್ಲಿ ಟ್ರ್ಯಾಕ್ಟರಿನ ಗಾಲಿಯ ಅಚ್ಚು. ಅಲ್ಲಿ ಎಷ್ಟು ಮೊಟ್ಟೆ ಪುಡಿಯಾದವೋ ಯಾರಿಗೆ ಗೊತ್ತು? ಇನ್ನೊಂದು ತುದಿ ಮಾತ್ರ ಉಳಿದಿತ್ತು. ಅದನ್ನು ಮುಂದಿನ ವಾರ ಪಾರ್ಕಿಂಗಿಗೆ ಸಮ ಮಾಡುವವರಿದ್ದರು.

ಇಮ್ರಾನಿನ ಜೊತೆ ನಾನು ಜಗಳವಾಡಿದ್ದು ನಿಮ್ಮ ಸ್ಟುಡಿಯೋದಲ್ಲೇ, ನಿಮ್ಮ ಕುರ್ಚಿಯ ಎದುರಿಗೇ. ಬೋರ್ಡು ಕಿತ್ತುಹಾಕು ಎಂದೆ. ಅವನು ಕುದಿದುಹೋದ. “ಅಪ್ಪ ನಿನಗೆ ಪುಸ್ತಕ ಕೊಟ್ಟ. ನನಗೆ ಉಪ್ಪಿಟ್ಟಿನ ಬೀಚ್ ಕೊಟ್ಟ. ಊರೆಲ್ಲ ನಗ್ತಿತ್ತು ಗೊತ್ತಾ ನಿಂಗೆ? ನೀನು ಬಸ್ ಹತ್ತಿ ಹೋಗ್ತಿದ್ದಿ, ನಾನು ಇಲ್ಲೇ ಇರ್ತಿದ್ದೆ. ಈಗ ಅದೇ ಊರು ಅಪ್ಪನ ಹೆಸರಿಗೆ ಮರ್ಯಾದೆ ಕೊಡಕ್ಕೆ ಬಂದ್ರೆ ನಿಂಗೆ ಯಾಕೆ ಉರಿ?” ಬೈಕ್ ತೆಗಿ, ತೋರಿಸ್ತೀನಿ ಎಂದಷ್ಟೇ ಹೇಳಿದೆ. ಬೈಯುತ್ತಲೇ ಬಂದ. ಉಳಿದ ತುದಿಯಲ್ಲಿ ಮೊಟ್ಟೆಗಳಿದ್ದವು. ಮರಳಿನ ಬಣ್ಣ, ಮೇಲೆ ಕಂದು ಚುಕ್ಕಿ. ನಾನು ಬೆರಳು ಮಾಡಿ ತೋರಿಸಿದರೂ ಅವನಿಗೆ ಕಾಣಲು ಹೊತ್ತು ಹಿಡಿಯಿತು. ಕಂಡ ಮೇಲೆ ಮೆಲ್ಲಗೆ ಹಿಂದಕ್ಕೆ ಸರಿದ. ದೂರದಲ್ಲೇ ಮಲಗಿ, ಉದ್ದ ಲೆನ್ಸ್ ಹಾಕಿ ಫೋಟೋ ತೆಗೆದ. ಒಂದು ಕಲ್ಲನ್ನೂ ಸರಿಸಲಿಲ್ಲ, ಚಾಚಾ.

ಆ ಫೋಟೋಗಳನ್ನು ಶಿವಾನಂದಣ್ಣನ ಮುಂದಿಟ್ಟಾಗ ಅವರು ನಕ್ಕ ನಗು ನಿಮಗೆ ಕೇಳಿಸದಿದ್ದದ್ದೇ ಒಳ್ಳೆಯದು. “ದಸ್ತಗೀರನ ಮಗ ಅಲ್ವೇನೋ ನೀನು! ಸಂತೇಲಿ ಕೌಜುಗದ ಮೊಟ್ಟೆ ತಂದು ಮರಳಾಗೆ ಇಟ್ಟು ಫೋಟೋ ಹೊಡ್ಕಂಡ್ ಬಂದೀಯ. ಸೆಟ್ಟಿಂಗು ನಿಮ್ಮ ಮನೆತನದ ಕಸುಬು, ನಮಗೆ ಗೊತ್ತಿಲ್ವಾ?” ಸುತ್ತ ಇದ್ದವರೂ ನಕ್ಕರು. ನೋಡಿ ಹೇಗಿದೆ ನ್ಯಾಯ! ತಾನು ಕಟ್ಟಿದ್ದನ್ನು ಕಟ್ಟಿದ್ದೆಂದೇ ತೋರಿಸಿದ ಮನುಷ್ಯ ಸುಳ್ಳುಗಾರ. ಪ್ಲಾಸ್ಟಿಕ್ ತೆಂಗಿನಮರ ನೆಟ್ಟು ‘ಖರೇ ಬೀಚ್’ ಎನ್ನುವವರು ಸತ್ಯವಂತರು. ಇಮ್ರಾನ್ ಹೊರಗೆ ಬಂದು ಬೈಕಿನ ಸೀಟಿನ ಮೇಲೆ ಕೈಯೂರಿ ನಿಂತ. “ಅಪ್ಪಂಗೆ ಮರ್ಯಾದೆ ಕೊಟ್ಟಿದ್ದಲ್ಲ ಇವರು” ಎಂದ. ಅಷ್ಟೇ. ಅವತ್ತೇ ಇಬ್ಬರೂ ಸೇರಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟೆವು.

ಅರ್ಜಿ ನೋಡಿದ ರೆವಿನ್ಯೂ ಇನ್ಸ್‌ಪೆಕ್ಟರ್ ಕೆಟ್ಟವರೇನಲ್ಲ, ದಣಿದವರು. “ದಾಖಲೆಯಲ್ಲಿ ಅದು ಖರಾಬು ಕಣಮ್ಮ. ಖರಾಬಲ್ಲಿ ಏನಿರುತ್ತೆ?” ಎಂದರು. ಉಳುಮೆಗೆ ಬಾರದ ನೆಲವನ್ನೆಲ್ಲ ಒಂದೇ ಶಬ್ದದಲ್ಲಿ ಹೊಡೆದುಹಾಕಿದ ಆ ದಾಖಲೆಯನ್ನು ಬರೆದವರು ಯಾವತ್ತಾದರೂ ಮರಳಿನ ಮೇಲೆ ಮಂಡಿಯೂರಿದ್ದರೇ? ನಾನು ನಿಮ್ಮ ಪುಸ್ತಕ ತೆಗೆದು ಪುಟ ಪುಟ ಕನ್ನಡದಲ್ಲಿ ಹೇಳಲು ಶುರುಮಾಡಿದೆ. ಅವರು ಕೈ ಎತ್ತಿದರು. “ಬೇಡಮ್ಮ, ಬೇಡ. ಸ್ಥಳಕ್ಕೇ ಬಂದು ಮಹಜರು ಮಾಡ್ತೀನಿ. ಇದ್ದದ್ದು ಇದ್ದ ಹಾಗೆ ಬರೀತೀನಿ. ಸಹಿ ಹಾಕಕ್ಕೆ ಪಂಚರನ್ನ ನೀವು ನೋಡ್ಕೊಳ್ಳಿ.”

ಮಹಜರಿನ ದಿನ ಪಂಚರೇ ಇಲ್ಲ! ಕಂಡದ್ದು ನಿಜ ಎಂದು ಸಹಿ ಹಾಕಲು ಊರಿನ ಒಬ್ಬರೂ ಮುಂದೆ ಬರಲಿಲ್ಲ. ಎಲ್ಲರ ಮನೆಯ ಮದುವೆಗೂ ಶಾಮಿಯಾನ ಬೇಕಲ್ಲ. ಇನ್ಸ್‌ಪೆಕ್ಟರ್ ಮೊಟ್ಟೆಗಳನ್ನು ತಾವೇ ನೋಡಿದರು. ಮೇಲೆ ಹಕ್ಕಿ ಕೂಗುತ್ತ ಸುತ್ತುತ್ತಿತ್ತು. ಕಾಗದದಲ್ಲಿ ಪಂಚರ ಸಹಿಯ ಜಾಗ ಮಾತ್ರ ಖಾಲಿ. ಅಷ್ಟರಲ್ಲಿ ಉಯ್ಯಾಲೆಯ ಕಡೆಯಿಂದ ಒಬ್ಬಳು ಎದ್ದು ಬಂದಳು. ಆ ದಿನ ಶೂಟಿಂಗಿಗೆ ಬಂದಿದ್ದ ಮದುಮಗಳು, ಸೊರಬದವಳು. ನೆಲ ಗುಡಿಸುವ ಕೆಂಪು ಗೌನು, ಅರ್ಧ ಬಳಿದ ಮುಖ.

“ಎಂತದು ಅಷ್ಟು ಹೊತ್ತಿಂದ ಕೂಗ್ತಿರೋದು?” ಎಂದಳು. ತೋರಿಸಿದೆ. ಗೌನು ಎತ್ತಿ ಹಿಡಿದು ಬಗ್ಗಿ ನೋಡಿದಳು.

“ಅಯ್ಯೋ! ಇದರ ಮೇಲಾ ನಮ್ಮ ಕಾರ್ ನಿಲ್ಸೋಕೆ ಹೇಳಿದ್ದು? ಕೊಡಿ ಪೆನ್ನು.”

“ಏ ಮಾರಾಯ್ತಿ, ನಮಗ್ಯಾಕೆ ಇವೆಲ್ಲ? ಬೆಳಕು ಹೋಗ್ತದೆ ಬಾ” ಎಂದು ಅವಳ ಹುಡುಗ ಹಿಂದಿನಿಂದ ಕೂಗಿದ.

“ನಿಂಗೂ ಕಣ್ಣಿದೆಯಲ್ಲ, ಬಂದು ನೋಡಿ ಸಹಿ ಹಾಕು. ಇಲ್ದಿದ್ರೆ ಫೋಟೋಕ್ಕೆ ನೀನೊಬ್ನೇ ನಿಂತ್ಕೋ.”

ಅವನೂ ಹಾಕಿದ. ಮೇಕಪ್ಪಿನವಳು ಹಾಕಿದಳು. ಇಬ್ಬರು ಡ್ರೋನ್ ಹುಡುಗರು, ಕಮಾನಿನ ಬಳಿ ನಿಂತಿದ್ದ ಶಿವಾನಂದಣ್ಣನ ಮುಖ ತಪ್ಪಿಸಿ ಹಾಕಿದರು. ಮುಂದಿನ ಆದೇಶದವರೆಗೆ ಟ್ರ್ಯಾಕ್ಟರ್ ಇಳಿಸಬಾರದು ಎಂದಾಯಿತು. ಗೆದ್ದೆವು ಎನ್ನಲಾರೆ ಚಾಚಾ. ಕೆರೆದ ಭಾಗ ಕೆರೆದೇ ಇದೆ, ಕಮಾನು ನಿಂತೇ ಇದೆ, ಆದೇಶ ಯಾವ ಕಡೆಗೆ ಬರುತ್ತದೋ ಗೊತ್ತಿಲ್ಲ. ಇಮ್ರಾನಿಗೆ ಈ ಸೀಸನ್ನಿನ ಮದುವೆ ಫೋಟೋದ ಕೆಲಸಗಳೂ ಒಂದೊಂದಾಗಿ ತಪ್ಪುತ್ತಿವೆ. ಅವನು ನಿಮ್ಮ ಹಾಗೆ ಜೋಕು ಮಾಡಿ ತೇಲಿಸುವವನಲ್ಲ, ಗೊಣಗುತ್ತಾನೆ. ಆದರೆ ಅರ್ಜಿ ಹಿಂದೆ ತಗೋ ಎಂದವರಿಗೆಲ್ಲ ಇಲ್ಲ ಎಂದಿದ್ದಾನೆ. ನನ್ನ ಸಿಟ್ಟೂ ಇಳಿಯುವುದಿಲ್ಲ. ಆದೇಶ ಅವರ ಕಡೆಗೆ ಬಂದರೆ ಜಿಲ್ಲೆಗೆ ಹೋಗುತ್ತೇನೆ, ಅಲ್ಲೂ ಆಗದಿದ್ದರೆ ಮುಂದಕ್ಕೆ. ಇದು ಮಾತು.

ಒಂದು ಸುದ್ದಿ ಮಾತ್ರ ನಿಮಗೆ ತಲುಪಲೇಬೇಕು. ಅದಕ್ಕೇ ಬರೆಯಲು ಕೂತದ್ದು. ಸಹಿಗಳಾದ ಮೇಲೆ ಇಮ್ರಾನ್ ನೇರ ಹೋಗಿ ಬೋರ್ಡಿನ ಕಂಬ ಅಲ್ಲಾಡಿಸತೊಡಗಿದ. ಒಬ್ಬನ ಕೈಯಲ್ಲಿ ಆಗಲಿಲ್ಲ, ನಾನೂ ಹಿಡಿದೆ. ಇಬ್ಬರೂ ಸೇರಿ ಕಿತ್ತು ಮಲಗಿಸಿದೆವು. ಶಿವಾನಂದಣ್ಣ ಅಬ್ಬರಿಸಿದರು: “ಸಾರ್, ಬಳಗದ ಬೋರ್ಡು ಅದು! ಯಾರು ಕಿತ್ತರು ಅಂತ ಬರ್ಕೊಳ್ಳಿ!”

“ಬರೀತೀನಿ ಇರ್ರೀ” ಎಂದ ಇನ್ಸ್‌ಪೆಕ್ಟರ್ ಬರೆಯುತ್ತಲೇ ಜೋರಾಗಿ ಓದಿದರು. “ಮೃತ ದಸ್ತಗೀರ್ ಸಾಬ್ ಇವರ ಹೆಸರಿನ ಫಲಕವನ್ನು ಅವರ ವಾರಸುದಾರರು ತೆರವುಗೊಳಿಸಿರುತ್ತಾರೆ.” ಆಮೇಲೆ ತಲೆಯೆತ್ತಿ, “ವಾರಸುದಾರ ನೀನೊಬ್ಬನೇ ತಾನೇ?” ಎಂದು ಇಮ್ರಾನನ್ನು ಕೇಳಿದರು.

ಇಮ್ರಾನ್ ಕೈಯ ಮರಳು ಕೊಡವಿಕೊಳ್ಳುತ್ತಿದ್ದ. ನನ್ನ ಕಡೆ ನೋಡಲೂ ಇಲ್ಲ.

“ಇಬ್ಬರು ಸಾರ್” ಎಂದ. “ಇಬ್ಬರು ಅಂತಲೇ ಬರೀರಿ.”

ನಿಮ್ಮ
ವಸುಧಾ