ದಂಡದ ಕುದುರೆ

ಉದಯಣ್ಣ,

ನೀನು ತೀರಿಕೊಂಡಿದ್ದೀಯ, ಇದನ್ನು ಓದಲಾರೆ. ಆ ಧೈರ್ಯದ ಮೇಲೇ ಬರೆಯುತ್ತಿದ್ದೇನೆ.

ಇವತ್ತು ಕುಣಿಗಲ್ ಹತ್ತಿರದ ನಮ್ಮ ಫಾರಂಗೆ ಒಬ್ಬರು ಗಬ್ಬ ಕಟ್ಟಿಸಲು ಹೆಣ್ಣುಕುದುರೆ ತಂದಿದ್ದರು. ನಮ್ಮಲ್ಲಿರುವ ಬೀಜದ ಕುದುರೆಗಳೆರಡೂ ಒಂದೇ ತಂದೆತಾಯಿಗೆ ಹುಟ್ಟಿದವು. ಚಿಕ್ಕದು ರೇಸಿನಲ್ಲಿ ಕಪ್ ಮೇಲೆ ಕಪ್ ಗೆದ್ದಿತ್ತು. ದೊಡ್ಡದು ಒಂದನ್ನೂ ಗೆದ್ದಿರಲಿಲ್ಲ. ನಾನು ಚಿಕ್ಕದನ್ನೇ ಹೊಗಳಿದೆ.

"ದೊಡ್ಡುದು ದಂಡ ಸಾರ್. ಒಂದೇ ರಕ್ತ ಆದ್ರೇನು? ನಮ್ಮಣ್ಣನೂ ಹಿಂಗೇ, ಯಾವುದಕ್ಕೂ ಬರ್ಲಿಲ್ಲ" ಎಂದು ನಕ್ಕೆ.

ಅವರು ನಗಲಿಲ್ಲ. "ಚಿಕ್ಕುದ್ರ ಮರಿ ಒಂದೂ ಓಡ್ತಿಲ್ಲ ಕಣ್ರೀ. ಈಗ ಗೆಲ್ತಿರೋವೆಲ್ಲ ದೊಡ್ಡುದ್ರವು. ನಮಗೆ ಅದೇ ಇರ್ಲಿ" ಎಂದರು.

ತಿರುಗಿದರೆ ಹಿಂದೆಯೇ ಸಿಂಚನ ನಿಂತಿದ್ದಳು. ಕೊತ್ತಗೆರೆಯಲ್ಲಿ ಕಂಡವರ ತೋಟದಲ್ಲಿ ಕೂಲಿಗೆ ತೆಂಗಿನಕಾಯಿ ಕೆಡವಿ ನೀನು ಓದಿಸಿದ ಮಗಳು, ಈಗ ನಮ್ಮ ಕುದುರೆಗಳ ಡಾಕ್ಟರ್. ಎಷ್ಟು ಕೇಳಿಸಿಕೊಂಡಳೋ ಎಂದುಕೊಳ್ಳುವಷ್ಟರಲ್ಲಿ ಅವಳೇ ಕೈಗೆ ಗ್ಲೌಸ್ ಹಾಕಿಕೊಳ್ಳುತ್ತ ಹೇಳಿದಳು:

"ಚಿಕ್ಕಪ್ಪ, ಆ ದಂಡದ್ದನ್ನ ಈಚೆಗೆ ಹಿಡ್ಕೊಂಬನ್ನಿ. ಚೆಕ್ ಮಾಡ್ಬೇಕು."

ಹಿಡಿದು ತಂದೆ. ಅವಳು ನೋಡಿ ಮುಗಿಸುವವರೆಗೂ ಆ ಕುದುರೆಯ ಕುತ್ತಿಗೆಯ ಮರೆಯಲ್ಲೇ ನಿಂತಿದ್ದೆ, ಅಣ್ಣ.