ಕರೆದವನು ನಾನೇ

ದೋಸ್ತ ಮಾಬು,

ನೀನಿದ್ದಾಗ ನಿನಗೊಂದು ಸಾಲು ಬರೆದವನಲ್ಲ ನಾನು. ಬರೆಯುವ ಅಗತ್ಯವೇ ಬೀಳಲಿಲ್ಲ, ಫೋನಿನಲ್ಲಿ ಬೈದಾಡಿಕೊಂಡೇ ನಮ್ಮ ಕ್ಷೇಮ ಸಮಾಚಾರ ಮುಗಿಯುತ್ತಿತ್ತು. ಈಗ ಬರೆಯುತ್ತಿರುವುದನ್ನೂ ಫೋನಿನಲ್ಲೇ ಹೇಳಬಹುದಿತ್ತು. ಹೇಳಲು ನನಗೆ ಒಂದಿಡೀ ವರ್ಷ ಸಿಕ್ಕಿತ್ತು. ಪ್ರತಿ ಸಲ ನೀನು "ಮತ್ತೇನಲೇ?" ಅಂದಾಗ ನಾನು "ಏನಿಲ್ಲ ಬಿಡಲೇ" ಅಂದೆ. ನಿನಗೆ ಗೊತ್ತಿತ್ತು, ಏನೋ ಇದೆ ಅಂತ. ಏನಿದೆ ಅಂತಲೂ ಗೊತ್ತಿತ್ತು. ಆದರೂ ಒಮ್ಮೆಯೂ ಕೆದಕಲಿಲ್ಲ ನೀನು. ಅದೇ ನನಗೆ ಇವತ್ತಿಗೂ ತಡೆಯಲಾಗದ ಮಾತು.

ನಾನು ಮೈಸೂರಿಗೆ ಹೊರಟ ದಿನ ನೆನಪಿದೆಯಾ? ನಿನ್ನ ಗ್ಯಾರೇಜಿಗೆ ರಿಪೇರಿಗೆ ಬಂದ ಯಾರದೋ ಬೈಕಿನಲ್ಲಿ, ನಡುವೆ ನನ್ನ ಟ್ರಂಕು ಇಟ್ಟುಕೊಂಡು, ಮಿಶ್ರಿಕೋಟಿಯಿಂದ ಹುಬ್ಬಳ್ಳಿ ಸ್ಟೇಷನ್ನಿನ ತನಕ ನೀನು ಬಿಡಲು ಬಂದಿದ್ದೆ. ಗಿರಾಕಿ ಕೇಳಿದರೆ ಏನು ಹೇಳುತ್ತಿ ಅಂದರೆ, "ಟ್ರಯಲ್ ನೋಡಾಕ ಒಯ್ದಿದ್ದೆ ಅಂತೀನಿ" ಅಂದೆ. ಗಾಡಿ ಬರುವ ಹೊತ್ತಿಗೆ ನನ್ನ ಕಣ್ಣು ತುಂಬಿದ್ದನ್ನು ನೋಡಿ, "ಯಾಕ ಅಳ್ತೀಲೇ ಗೌತ್ಯಾ, ಮಂದಿ ಎಲುಬು ನೋಡೂ ನೌಕರಿ ಸಿಕ್ಕೈತಿ. ಎಲುಬಿನಾಗ ಜಾತಿ ಕಾಣಸತೈತೇನ ನೋಡಿ ನನಗೊಂದ ಫೋನ್ ಹಚ್ಚು" ಅಂತ ನಗಿಸಿದ್ದೆ. ನಾನು ಎಕ್ಸ್-ರೇ ತೆಗೆಯುವವನಾಗಿದ್ದಕ್ಕೆ ನಮ್ಮಪ್ಪನಿಗಿಂತ ಹೆಚ್ಚು ಹಿಗ್ಗಿದವನು ನೀನು.

ಮೊದಲ ತಿಂಗಳುಗಳಲ್ಲಿ ಭಾನುವಾರ ಬಂದರೆ ನನಗೆ ಹೆದರಿಕೆಯಾಗುತ್ತಿತ್ತು. ಶನಿವಾರ ಮಧ್ಯಾಹ್ನ ಡ್ಯೂಟಿ ಮುಗಿದರೆ ಸೋಮವಾರ ಬೆಳಗಿನವರೆಗೆ ಬಾಯಿ ತೆರೆಯುತ್ತಿದ್ದದ್ದು ಹೋಟೆಲಿನಲ್ಲಿ "ಒಂದು ಊಟ" ಅನ್ನಲು ಮಾತ್ರ. ಮನೆ ಮಾಲೀಕರು ಕೋಣೆ ತೋರಿಸುತ್ತ "ನೀವು ಯಾರ ಪೈಕಿ?" ಅಂದಿದ್ದರು. "ಬುದ್ಧನ ಪೈಕಿ" ಅನ್ನಬೇಕಿತ್ತು, ನೀನಾಗಿದ್ದರೆ ಹಾಗೇ ಅನ್ನುತ್ತಿದ್ದೆ. ನಾನು "ಧಾರವಾಡದ ಕಡೆಯವರು" ಅಂದೆ. ಅಲ್ಲಿಂದಲೇ ಶುರುವಾಯಿತೇನೋ ನನ್ನ ಜಾರಿಕೊಳ್ಳುವ ಚಾಳಿ.

ನಾಗರಾಜ್ ಮನೆಗೆ ಊಟಕ್ಕೆ ಹೋದ ಕತೆ ಕೇಳಿ ನೀನು ನಟ್ಟು ತಿರುಗಿಸುವ ಪಾನಾ ಕೆಳಗೆ ಬೀಳಿಸಿ ನಕ್ಕಿದ್ದೆ. ಪಾಪ, ನಮ್ಮ ಆಸ್ಪತ್ರೆ ಲ್ಯಾಬಿನ ಆ ಮನುಷ್ಯ ಸಂಜೆ ಹೊರಡುವಾಗ ವಾಡಿಕೆಯಂತೆ "ಬನ್ನಿ ಸಾರ್ ಒಂದ್ಸಲ ಮನೆ ಕಡೆ, ಊಟ ಮಾಡೋಣ" ಅಂದಿದ್ದರು. ನಾನು ಕರೆದರೆಂದೇ ತಿಳಿದೆ. ನಮ್ಮಲ್ಲಿ ಕರೆದ ಮೇಲೆ ಹೋಗದಿದ್ದರೆ ತಪ್ಪು, ಬರುತ್ತೇನೆಂದು ಮೊದಲೇ ಹೇಳಿ ಹೋದರೆ ಇನ್ನೂ ತಪ್ಪು. ಮುಂಚಿತವಾಗಿ ತಿಳಿಸಿ ಮಿಶ್ರಿಕೋಟಿಗೆ ಬರುವವರು ಇಬ್ಬರೇ, ಬೀಗರು ಮತ್ತು ಮಂತ್ರಿಗಳು. ಭಾನುವಾರ ಮಧ್ಯಾಹ್ನ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಬಾಳೆಹಣ್ಣು ಹಿಡಿದು ಅವರ ಬಾಗಿಲು ಬಡಿದೆ. ಬನಿಯನ್ನಿನಲ್ಲಿ ಬಂದ ನಾಗರಾಜ್ ಗಾಬರಿಯಾಗಿ, "ಏನ್ ಸಾರ್, ಎಮರ್ಜೆನ್ಸಿನಾ?" ಅಂದರು. "ನೀವಽ ಕರದಿದ್ರಲ್ರಿ, ಊಟಕ್ಕ" ಅಂದೆ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಅವರ ಹೆಂಡತಿ ಕುಕ್ಕರನ್ನು ಮತ್ತೆ ಒಲೆಗೇರಿಸಿದರು. ನಾನು ಸೋಫಾದ ತುದಿಯಲ್ಲಿ ಕೂತು ಅವರ ಮಗಳ ಡ್ರಾಯಿಂಗ್ ಪುಸ್ತಕವನ್ನು ಎರಡು ಸಲ ನೋಡಿದೆ. ಅನ್ನ, ತಿಳಿಸಾರು ಉಂಡು ಹೊರಬಂದಾಗ ಕಿವಿ ಸುಡುತ್ತಿತ್ತು.

"ಅಲ್ಲಲೇ ಮಗನ, ಕರದವ್ರ ಮನಿಗೆ ಹೋಗೂದ ತಪ್ಪಾದ್ರ ಕರಿಯೂದರ ಯಾಕ?" ಅಂದೆ ನೀನು. ನಕ್ಕು ಮುಗಿದ ಮೇಲೆ ದನಿ ತಗ್ಗಿಸಿ ಹೇಳಿದೆ: "ಹಂಗಾರ ನೀನಽ ಅವರನ್ನ ಕರಿ. ದಿನಾ, ವ್ಯಾಳ್ಯಾ ಹೇಳಿ ಖರೇನ ಕರಿ. ಮಂದಿ ಒಮ್ಮೆ ನಿನ್ನ ಕೈಯಾಂದು ತಿಂದ್ರಂದ್ರ ಆತು, ಆಮ್ಯಾಲೆ ಹೆಂಗ ಬಿಟ್ಟ ಹೊಕ್ಕಾರ?" ನಿಮ್ಮಮ್ಮನನ್ನು ಕೇಳಿ ಕೇಳಿ ಫೋನಿನಲ್ಲೇ ನನಗೆ ಗಿರ್ಮಿಟ್ ಮಾಡಲು ಕಲಿಸಿದವನೂ ನೀನೇ. ಉಳ್ಳಾಗಡ್ಡಿ ಎಷ್ಟು, ಹುಣಸೇಹುಳಿ ಯಾವಾಗ, ಚುರುಮುರಿ ಕೊನೆಗೇ ಯಾಕೆ. ನಾಗರಾಜ್ ಬಂದರು, ತಿಂದರು, ಮರುವಾರ ತಮ್ಮ ಶಟಲ್ ಆಡುವ ಗೆಳೆಯರನ್ನೂ ಕರೆತಂದರು. ಒಂದು ವರ್ಷದೊಳಗೆ ನಾವು ಏಳು ಜನ. ಪ್ರತಿ ಭಾನುವಾರ ಬೆಳಿಗ್ಗೆ ಆಟ, ಆಮೇಲೆ ಪಾಳಿಯ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ತಿಂಡಿ. ಆ ಬಳಗ ನನಗೆ ದೊರೆತದ್ದು ನಿನ್ನಿಂದ ಮಾಬು. ಅವರಿಗೆ ಮಾತ್ರ ನಿನ್ನ ಹೆಸರೇ ಗೊತ್ತಿರಲಿಲ್ಲ.

ಬಳಗದ ಸವಿತಾ ಮೇಡಂ ಒಂದು ದಿನ ತಿಂಡಿ ತಿನ್ನುತ್ತ "ನಿಮ್ಮ ತಂದೆಯವರು ಏನ್ಮಾಡ್ತಾರೆ ಗೌತಮ್?" ಅಂದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಎಲ್ಲರನ್ನೂ ಮಕ್ಕಳಂತೆ ವಿಚಾರಿಸುವವರು. ಪಕ್ಕದಲ್ಲಿದ್ದವರು ಆಗಷ್ಟೇ ತಮ್ಮ ತಂದೆ ಇಂಜಿನಿಯರ್ ಅಂದಿದ್ದರು. ನನ್ನ ಬಾಯಿಂದ "ಮೇಷ್ಟ್ರು" ಅಂತ ಬಂತು. ಕಲಘಟಗಿ ಕಡೆಯ ಹೊಲಗಳಲ್ಲಿ ಮೂವತ್ತು ವರ್ಷ ಕಬ್ಬು ಕಡಿದ ಅಪ್ಪ ಒಂದೇ ಮಾತಿಗೆ ಮೇಷ್ಟ್ರಾದ. ಒಂದು ಸುಳ್ಳು ಹೇಳಿದರೆ ಅದರ ಮರಿಗಳನ್ನೂ ಸಾಕಬೇಕಲ್ಲ? ಯಾವ ವಿಷಯ ಹೇಳಿಕೊಡುತ್ತಿದ್ದರು ಅಂದರು. ಗಣಿತ ಅಂದೆ. ಅಷ್ಟರಲ್ಲಾಗಲೇ ನನ್ನ "ಬರ್ರಿ" ಹೋಗಿ "ಬನ್ನಿ" ಆಗಿತ್ತು, ಅದರಲ್ಲೇನೂ ತಪ್ಪಿಲ್ಲ ಬಿಡು, ಊರು ಬಿಟ್ಟವನ ನಾಲಿಗೆ ಹೊರಳಲೇಬೇಕು. ಆದರೆ ಗಣಿತ?

ಫೋನ್ ಇಡುವಾಗಲೆಲ್ಲ ನಾನು "ಬಾರಲೇ ಒಮ್ಮೆ ಮೈಸೂರಿಗೆ" ಅನ್ನುತ್ತಿದ್ದೆ. ಅದು ಯಾವಾಗ ನಾಗರಾಜರ "ಬನ್ನಿ ಸಾರ್" ಆಗಿ ಬದಲಾಯಿತೋ ನನಗೇ ತಿಳಿಯದು. ಊರಿನ ಕಿವಿಯಿಂದ ಕೇಳಿಸಿಕೊಂಡು ನಾಚಿಕೆಪಟ್ಟವನು, ಎರಡು ವರ್ಷದಲ್ಲಿ ಪಟ್ಟಣದ ಬಾಯಿಂದ ಅದನ್ನೇ ಆಡಲು ಕಲಿತಿದ್ದೆ. ಕೇಳಿಸಿಕೊಳ್ಳುತ್ತಿದ್ದ ಕಿವಿ ಮಾತ್ರ ಇನ್ನೂ ಮಿಶ್ರಿಕೋಟಿಯದು. ನಾನು ಕರೆದೆನೆಂದೇ ನೀನು ತಿಳಿದೆ.

ಆ ಭಾನುವಾರ ತಿಂಡಿಯ ಪಾಳಿ ನನ್ನದು. ಆರು ಜನ ನನ್ನ ಒಂದೇ ಕೋಣೆಯಲ್ಲಿ ತಟ್ಟೆ ಹಿಡಿದು ಕೂತಿದ್ದರು. ಮೆಟ್ಟಿಲ ಮೇಲೆ ದಡದಡ ಸದ್ದಾಯಿತು, ತೆರೆದ ಬಾಗಿಲಲ್ಲಿ ನೀನು. ರಾತ್ರಿ ಗಾಡಿಯಲ್ಲಿ ನಿದ್ದೆಗೆಟ್ಟ ಕಣ್ಣು, ಉಗುರಲ್ಲಿ ಗ್ಯಾರೇಜಿನ ಕಪ್ಪು, ಹೆಗಲಿಗೊಂದು ಚೀಲ, ಕೈಯಲ್ಲಿ ಗೋಣಿತಟ್ಟಿನಲ್ಲಿ ಸುತ್ತಿದ ಟೇಬಲ್ ಫ್ಯಾನು. ಸೆಕೆಗೆ ನಿದ್ದೆ ಬರುತ್ತಿಲ್ಲ ಎಂದು ನಾನು ಹಿಂದಿನ ವಾರ ಹೇಳಿದ್ದಕ್ಕೆ ಗುಜರಿಯಿಂದ ಹುಡುಕಿ, ನೀನೇ ತಂತಿ ಸುತ್ತಿ, ಹಸಿರು ಬಣ್ಣ ಹಚ್ಚಿ ತಂದಿದ್ದೆ. ಮುಖದ ತುಂಬ ನಗು. "ಲೇ ಗೌ..." ತನಕ ಬಂದಿತ್ತು ನಿನ್ನ ಮಾತು.

ಸವಿತಾ ಮೇಡಂ "ಯಾರು ಗೌತಮ್?" ಅಂದರು.

ನನಗೆ ಆ ಒಂದು ಕ್ಷಣದಲ್ಲಿ ಎಲ್ಲ ಕಂಡಿತು. ನೀನು ಒಳಗೆ ಬಂದು ಕೂತರೆ ಎರಡೇ ನಿಮಿಷದಲ್ಲಿ ಅಪ್ಪನ ಕಬ್ಬು ಕಡಿಯುವ ಕೊಯಿತ, ನಮ್ಮ ಓಣಿ, ನಾವು ಯಾರ ಪೈಕಿ, ಎಲ್ಲ ಹೊರಗೆ ಬರುತ್ತದೆ. ನಿನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವಲ್ಲ. ನಿನ್ನ ಹೆಸರು ಹೇಳಲೂ ಹಿಂಜರಿದೆನಾ? ಸುಳ್ಳು ಯಾಕೆ, ಅದೂ ಒಂದಿಷ್ಟು ಇತ್ತು. ಹೆಸರು, ಪೈಕಿ ಕೇಳಿಸಿಕೊಂಡು ನೊಂದವನೇ ನಿನ್ನ ವಿಷಯದಲ್ಲಿ ಹಾಗೆ ಮಾಡಿದ.

"ಫ್ಯಾನ್ ರಿಪೇರಿಯವನು" ಅಂದೆ.

ನೀನು ನನ್ನ ಮುಖ ನೋಡಿದೆ. ಮತ್ತೆ ಕೋಣೆಯಲ್ಲಿದ್ದವರನ್ನು ನೋಡಿದೆ. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು, "ಹೌದ್ರಿ ಸರ, ನಿಮ್ಮ ಫ್ಯಾನ್ ರೆಡಿ ಆಗೇತ್ರಿ" ಅಂದೆ. ಲೇ ಮಾಬು, ಮಾತು ಬಂದಾಗಿನಿಂದ ನನಗೆ ಒಮ್ಮೆಯೂ "ರಿ" ಹಚ್ಚಿದವನಲ್ಲ ನೀನು. ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಗೋಣಿತಟ್ಟು ಬಿಚ್ಚಿದೆ, ಪ್ಲಗ್ ಹಾಕಿದೆ, ತಿರುಗಿಸಿ ತೋರಿಸಿದೆ. "ಮೂರಕ್ಕ ಇಟ್ರ ಸ್ವಲ್ಪ ಸಪ್ಪಳಾ ಮಾಡತೈತ್ರಿ, ಎರಡಕ್ಕಽ ಇಟ್ಕೋರಿ." ಸವಿತಾ ಮೇಡಂ, "ನಮ್ಮನೇಲೂ ಒಂದು ಹಳೇದಿದೆ, ನಿಮ್ಮ ನಂಬರ್ ಕೊಟ್ಟಿರಿ" ಅಂದರು. "ನಂದ ದೂರ ಆಕ್ಕೈತ್ರಿ ಬಾಯಾರ" ಅಂತ ನಕ್ಕೆ. ನಾಗರಾಜ್ "ದುಡ್ಡು ಕೊಟ್ರಾ ಸಾರ್?" ಅಂತ ನನ್ನನ್ನು ಕೇಳಿದಾಗ ನೀನೇ "ಮೊದ್ಲಽ ಮುಟ್ಟೇತ್ರಿ" ಅಂದೆ. ತಿಂಡಿ ತಿಂದು ಹೋಗಿ ಅಂದವರೂ ಅವರೇ, ನಾನಲ್ಲ. "ನಾಷ್ಟಾ ಆಗೇತ್ರಿ" ಅಂದು ನೀನು ಮೆಟ್ಟಿಲಿಳಿದೆ. ಹೆಗಲಿನ ಚೀಲವನ್ನು ಒಮ್ಮೆಯೂ ಇಳಿಸಿರಲಿಲ್ಲ.

ಎಲ್ಲರೂ ಹೋದ ಮೇಲೆ ಫೋನ್ ಮಾಡಿದೆ. ಮೊದಲ ರಿಂಗಿಗೇ ನೀನು ಎತ್ತಿದೆ. "ಅರಮನಿ ಮುಂದ ಅದೀನಿ. ಹೇಳಲಾರದ ಬರಬಾರದಾಗಿತ್ತ ಬಿಡಲೇ, ನಂದಽ ತಪ್ಪ. ನಿನಗ ಮಂದಿ ಆಗ್ಯಾರಲೇ ಗೌತ್ಯಾ, ಚಲೋ ಮಂದಿ. ಭಾಳ ಚಲೋ ಆತು" ಅಂದೆ. ಅಲ್ಲೇ ಇರು, ಬರುತ್ತೇನೆ ಅಂದೆ ನಾನು. "ಬ್ಯಾಡೋ, ಸಂಜಿ ಗಾಡಿಗೆ ಹೊಕ್ಕೀನಿ, ಗ್ಯಾರೇಜ್ ಬಂದ್ ಐತಿ." ಸಂಜೆಗೆ ಇನ್ನೂ ಎಷ್ಟೋ ಹೊತ್ತಿತ್ತು. ಆಟೋ ಹತ್ತಿದ್ದರೆ ಕಾಲು ಗಂಟೆ. ಬೇಡ ಅಂದನಲ್ಲ ಎಂದು ನನಗೆ ನಾನೇ ಹೇಳಿಕೊಂಡು ತಟ್ಟೆ ತೊಳೆಯುತ್ತ ನಿಂತೆ.

ಅದಾಗಿ ಒಂದು ವರ್ಷಕ್ಕೆ, ನಾಲ್ಕು ದಿನದ ಜ್ವರಕ್ಕೆ ನೀನು ಹೋಗಿಬಿಟ್ಟೆ ಅಂತ ಫೋನ್ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಓಡಿ ಬಂದರೂ ಮಣ್ಣಿಗೆ ಸಿಗಲಿಲ್ಲ. ಮನೆಯ ತುಂಬ ಹೆಂಗಸರು. ನಿಮ್ಮಮ್ಮ, ನನ್ನ ಚಾಚಿ, ನನ್ನನ್ನು ನೋಡಿದ್ದೇ ಎರಡೂ ಕೈ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದರು: "ಇಂವನಽ ನೋಡ್ರಿ ಗೌತಮ. ನಮ್ಮ ಮಾಬೂಗ ಅರಮನಿ ತೋರ್ಸಿದಾಂವ. ತನ್ನ ದೋಸ್ತರ ನಡುವ ಕುಂದರ್ಸಿಕೊಂಡು ನಾಷ್ಟಾ ಮಾಡ್ಸಿದಾನಂತ. ಇಂವ ನನ್ನ ಸಣ್ಣಂದಿನ ದೋಸ್ತ ಅಂತ ಎಲ್ಲಾರಿಗೂ ಹೇಳಿದಾನಂತ. ಊರಿಗೆ ಬಂದ ಎಂಟ ದಿನಾ ಬರೇ ಅದನ್ನಽ ಹೇಳಿದಾ ನನ್ನ ಮಗಾ."

ನನ್ನ ಮಾನ ಉಳಿಸಲು ನೀನು ಊರ ತುಂಬ ಹಂಚಿದ್ದೆಯಲ್ಲ ಆ ಸುಳ್ಳನ್ನು! ನಾನು ಅದನ್ನೂ ತೆಗೆದುಕೊಂಡೆ. "ಹೌದ್ರಿ ಚಾಚಿ" ಅಂದೆ, ನಿನ್ನ ಮನೆಯಲ್ಲಿ ನಿಂತು. ಬಾಗಿಲಲ್ಲಿ ಆಡಿದ ಮಾತಿಗಾದರೂ ಗಾಬರಿಯ ನೆಪ ಇತ್ತು. ಇದಕ್ಕೆ?

ಹೋದ ತಿಂಗಳು ಮತ್ತೆ ನನ್ನ ಪಾಳಿ ಬಂದಾಗ ಬಳಗಕ್ಕೆ ಎಲ್ಲ ಹೇಳಿದೆ. ಅಪ್ಪನದೂ, ನಿನ್ನದೂ. ಸವಿತಾ ಮೇಡಂ ಚಮಚ ಕೆಳಗಿಟ್ಟು, "ಅವತ್ತು ಬಂದೋರು ನಿಮ್ಮ ಫ್ರೆಂಡಾ? ನಾನು ಅವರ ಹತ್ರ ನಂಬರ್ ಕೇಳಿದ್ನಲ್ಲ..." ಅಂದು ಮುಖ ಆ ಕಡೆ ತಿರುಗಿಸಿದರು. ನಾಗರಾಜ್ ನಿಧಾನವಾಗಿ ಹೇಳಿದರು: "ನಮ್ಮಪ್ಪ ಲಾರಿ ಕ್ಲೀನರ್ ಆಗಿದ್ರು ಸಾರ್. ನೀವು ಕೇಳ್ಲೇ ಇಲ್ಲ." ನೋಡು, ನಿನ್ನನ್ನು ಕೀಳಾಗಿ ಕಾಣುವವನು ಆ ಕೋಣೆಯಲ್ಲಿ ಒಬ್ಬನೇ ಇದ್ದದ್ದು. ಈಗ ಭಾನುವಾರಗಳು ನಡೆದಿವೆ, ಆದರೆ ಏನಾದರೂ ಹೇಳಿದರೆ ಅವರು ಒಂದು ಕ್ಷಣ ತಡೆದು ನನ್ನ ಮುಖ ನೋಡುತ್ತಾರೆ. ನೋಡಲಿ.

ಹೋದ ಭಾನುವಾರ ಮಿಶ್ರಿಕೋಟಿಗೆ ಹೋಗಿದ್ದೆ. ಚಾಚಿ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದರು. ಬೈಯಲಿ, ಅಂಗಳದಿಂದ ಎಬ್ಬಿಸಿ ಕಳಿಸಲಿ ಎಂದುಕೊಂಡೇ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರ ಕೈ ಮೊರದಲ್ಲೇ ನಿಂತಿತು. ಬೈಯಲಿಲ್ಲ, ಅಳಲಿಲ್ಲ. ಕೇಳಿದ್ದು ಇಷ್ಟೇ:

"ಹಂಗಾರ ಅವತ್ತ ಅಂವಾ ಏನ್ ತಿಂದನಪಾ?"

ಗೊತ್ತಿಲ್ಲ ಅಂದೆ.

"ಬುತ್ತಿ ಕಟ್ಟಿದ್ನಿ. ಗೌತ್ಯಾನ ಮನಿಗೆ ಹೊಂಟೀನಿ, ಬುತ್ತಿ ಒಯ್ದ್ರ ಅಂವ ಸಿಟ್ಟಾಗ್ತಾನ ಅಂತ ಇಲ್ಲೇ ಬಿಟ್ಟ ಹೋಗಿದ್ದ." ಮೊರದ ಅಕ್ಕಿಯಲ್ಲಿ ಒಮ್ಮೆ ಬೆರಳಾಡಿಸಿದರು. "ಆ ಅರಮನಿ ಹತ್ರ ಏನರೆ ತಿನ್ನಾಕ ಸಿಗತೈತೇನು?"

"ಸಿಗತೈತ್ರಿ ಚಾಚಿ" ಅಂದೆ.

ತಿಂದಿದ್ದೆ ಹೌದಿಲ್ಲೋ, ಮಾಬು?

ಗೌತ್ಯಾ