‘ಇಲ್ಲೆ’ ಎಂದವರಿಗೆ ಎಲ್ಲವೂ ಇದೆಯಂತೆ

ಶಾಲಾ ಸಹಾಯಕ ಸಿಬ್ಬಂದಿಯ ಆಯ್ಕೆಯ ಹೊಣೆ ಹೊತ್ತ ಮಾನ್ಯರೇ,

ನಮ್ಮೂರ ಶಾಲೆಯಲ್ಲಿ ತಾತ್ಕಾಲಿಕವಾಗಿ ಎಲ್.ಕೆ.ಜಿ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾ ದೇವಕಿಯವರಿಗೆ ಕ್ಷಯ, ಚರ್ಮರೋಗ, ಫಿಟ್ಸು, ಜೊತೆಗೊಂದು ಪೊಲೀಸ್ ಕೇಸು ಇದೆಯೆಂದು ತಮ್ಮ ಕಚೇರಿ ಪತ್ತೆಹಚ್ಚಿದೆ. ಇಷ್ಟೆಲ್ಲ ಇಟ್ಟುಕೊಂಡೂ ಅವರು ದಿನಾ ನನ್ನ ಟೆಂಪೊ ಹತ್ತಿ ಬಂದು, ಮಕ್ಕಳ ಮೂಗು ಒರೆಸಿ, ಅವರನ್ನು ನಗಿಸುತ್ತಿದ್ದರೆಂದರೆ ತಾವು ಕರೆದು ಸನ್ಮಾನ ಮಾಡಬೇಕಿತ್ತು. ಅನರ್ಹರೆಂದು ಮನೆಗೆ ಕಳಿಸಿದ್ದೀರಿ.

ಪರೀಕ್ಷೆಯೇ ಬೇಡ ಎನ್ನುವವನು ನಾನಲ್ಲ. ನನ್ನ ಮಗಳು ಅಫ್ಸಾನಾ ಅದೇ ತರಗತಿಯಲ್ಲಿದ್ದಾಳೆ. ಚಿಕ್ಕ ಮಕ್ಕಳ ಜೊತೆ ಇರುವವರ ಆರೋಗ್ಯ, ನಡತೆ ಎರಡನ್ನೂ ಕೆಲಸಕ್ಕೆ ಮೊದಲೇ ವಿಚಾರಿಸಲೇಬೇಕು. ಆದರೆ ವಿಚಾರಿಸುವವರಿಗೆ ಉತ್ತರ ಅರ್ಥವಾಗಬೇಕು ಎಂಬ ನಿಯಮ ಎಲ್ಲಿಯೂ ಇಲ್ಲವೇ?

ಕೆಲಸ ಕಾಯಂ ಮಾಡಲೆಂದು ಶಿರಸಿಯಲ್ಲಿ ನಡೆದ ಆ ಮೌಖಿಕ ಪರೀಕ್ಷೆಗೆ ದೇವಕಿಯವರನ್ನು ಕರೆತಂದವನು ನಾನೇ. ಬಾಗಿಲು ತೆರೆದಿತ್ತು, ಆದ್ದರಿಂದ ಎಲ್ಲವನ್ನೂ ಕೇಳಿಸಿಕೊಂಡೆ. ಬಯಲುಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದ ಪರೀಕ್ಷಕರು ಬಹಳ ಮರ್ಯಾದಸ್ಥರು. “ಬರ್ರಿ ಅಕ್ಕಾರ, ಕೂಡ್ರಿ. ಕ್ಷಯ ಐತೇನ್ರಿ?” ಎಂದರು.

“ಇಲ್ಲೆ.”

“ಚರ್ಮರೋಗ?”

“ಇಲ್ಲೆ.”

“ಫಿಟ್ಸು?”

“ಅದೂ ಇಲ್ಲೆ.”

“ಪೊಲೀಸ್ ಕೇಸು?”

“ಅಯ್ಯೋ, ಇಲ್ಲೆ!”

“ಯಾವ ಠಾಣೆಯಾಗ?”

“ಎಲ್ಲೂ ಇಲ್ಲೆ!”

ಪರೀಕ್ಷಕರು ಪೆನ್ನು ಕೆಳಗಿಟ್ಟು ಕೈಮುಗಿದರು. “ಇಷ್ಟು ಖರೇ ಹೇಳೋರನ್ನ ನಾ ನೋಡೇ ಇಲ್ರಿ ಅಕ್ಕಾರ.”

ಮಾನ್ಯರೇ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ‘ಇಲ್ಲ’ ಎನ್ನುವುದಕ್ಕೆ ‘ಇಲ್ಲೆ’ ಎನ್ನುತ್ತಾರೆ. ತಮ್ಮ ಪರೀಕ್ಷಕರು ಅದನ್ನು ‘ಇಲ್ಲೇ ಇದೆ’ ಎಂದು ತಿಳಿದು ಬರೆದುಕೊಂಡರು. ನಾನು ಒಳಗೆ ಹೋಗಿ ಅರ್ಥ ಹೇಳಲು ಬಾಯಿ ತೆರೆದೆ. ಬಂದದ್ದು ಮಾತಲ್ಲ, ನಗು. ಶಿಸ್ತಿಗೆ ಭಂಗ ತಂದನೆಂದು ಜವಾನರು ನನ್ನನ್ನು ಹೊರಗೆ ಹಾಕಿದರು. ಅಂದ ಹಾಗೆ ನನ್ನ ಮನೆಮಾತು ಉರ್ದು. ನನಗೇ ತಿಳಿಯುವ ಈ ಕನ್ನಡ ಕನ್ನಡದ ಕಚೇರಿಗೆ ತಿಳಿಯಲಿಲ್ಲವಲ್ಲ!

ಫಲಿತಾಂಶ ಬಂದ ದಿನ ದೇವಕಿಯವರು ಟೆಂಪೊದಲ್ಲಿ ಕೇಳಿದ್ದು ಒಂದೇ ಮಾತು: “ಆನು ಎಂತ ತಪ್ಪು ಹೇಳ್ದಿ ಗಫೂರಣ್ಣ?” ಆಗ ನನ್ನ ನಗು ನಿಂತಿತು. ಸಿಟ್ಟು ಬಂತು, ಇನ್ನೂ ಇಳಿದಿಲ್ಲ.

ಮರುದಿನ ಅವರು ಡಾಕ್ಟರ ಬಳಿ ಹೋಗಿ, ಯಾವ ರೋಗವೂ ಇಲ್ಲವೆಂದು ಸರ್ಟಿಫಿಕೇಟು ತಂದರು. ತಮ್ಮ ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಅವತ್ತು ಇದೆ ಅಂದ್ರಿ, ಇವತ್ತು ಇಲ್ಲ ಅಂತೀರಿ. ಸುಳ್ಳು ಹೇಳೋರನ್ನ ಮಕ್ಕಳ ಹತ್ರ ಬಿಡೋದು ಹೇಗೆ?” ಎಂದರಂತೆ. ರೋಗಗಳು ವಾಸಿಯಾದವು, ನಡತೆ ಕೆಟ್ಟಿತು. ಇನ್ನು ಯಾವ ಡಾಕ್ಟರ ಬಳಿ ಹೋಗಬೇಕು, ತಾವೇ ಹೇಳಿ.

ಅಫ್ಸಾನಾ ಕನ್ನಡ ಕಲಿತದ್ದೇ ದೇವಕಿಯವರ ಮಡಿಲಲ್ಲಿ. ಮನೆಯಲ್ಲಿ ಊಟಕ್ಕೆ ಕರೆದರೆ “ಹಶಿವು ಇಲ್ಲೆ” ಎನ್ನುತ್ತಾಳೆ. ಹೊಸ ಆಯಾ ಒಳ್ಳೆಯವರು, ಆದರೆ ಅವರೂ ಹೊರಗಿನವರು. ಮೊನ್ನೆ ಇವಳು ಜ್ವರ ಬಂದು ಮಂಕಾಗಿ ಕೂತಾಗ, ಏನಾಯಿತು ಎಂದು ಕೇಳಿದರಂತೆ. “ಆರಾಮ ಇಲ್ಲೆ” ಎಂದಳಂತೆ. ಇಲ್ಲೇ ಆರಾಮವಾಗಿದ್ದಾಳೆಂದು ಅವರು ಸುಮ್ಮನಾದರು. ಸಂಜೆ ಎತ್ತಿಕೊಂಡರೆ ಮಗುವಿನ ಮೈ ಕೆಂಡ. ಇದನ್ನು ಬರೆಯುವಾಗ ನನಗೆ ತಮಾಷೆ ಮಾಡಲು ಆಗುತ್ತಿಲ್ಲ.

ಆದ್ದರಿಂದ ಮರುಪರೀಕ್ಷೆ ನಡೆಸಿ. ನಮ್ಮ ಮಾತು ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ. ಅದಕ್ಕೂ ಮೊದಲು ಪರೀಕ್ಷಕರಿಗೇ ಒಂದು ಪ್ರಶ್ನೆಯ ಪರೀಕ್ಷೆ ಕೊಡಿ. ಪ್ರಶ್ನೆ ಯಾವುದೆಂದು ಹೇಳಬೇಕಾಗಿಲ್ಲ.

ಮಗಳು ದಿನಾ ಶಾಲೆಯ ಗೇಟಿನಲ್ಲಿ ಕೇಳುತ್ತಾಳೆ, “ದೇವಕಿಯಮ್ಮ ಎಲ್ಲಿ?” ನಾನು “ಇಲ್ಲೆ” ಎನ್ನುತ್ತೇನೆ, ಅವಳು ಅಳುತ್ತಾಳೆ. ನನ್ನ ಉತ್ತರ ನಾಳೆಯೂ ಅದೇ ಇರಲಿ ಮಾನ್ಯರೇ, ಅರ್ಥ ಮಾತ್ರ ತಮ್ಮ ಪರೀಕ್ಷಕರದ್ದಾಗಲಿ.

ಇಂತಿ,
ಅರ್ಥ ಹೇಳಲು ಹೋಗಿ ಹೊರಗೆ ಹಾಕಿಸಿಕೊಂಡ
ಅಬ್ದುಲ್ ಗಫೂರ್
ಟೆಂಪೊ ಚಾಲಕ, ಕಾನಸೂರು–ಶಿರಸಿ